ಅಣ್ಣಾವ್ರು ಓದಿದ ಕಾಲೇಜು ಎಲ್ಲಿದೆ?

"ಅಣ್ಣಾವ್ರೇನು ಕಾಲೇಜು ಮೆಟ್ಟಿಲು ಹತ್ತಿದ್ರಾ? ಆದ್ರೂ ನಟಸಾರ್ವಭೌಮ ಆಗ್ಲಿಲ್ವಾ?"

ಈ ಮಾತನ್ನು ನೀವು ಕೇಳಿರುತ್ತೀರಿ. ಕೆಲವರು ಹೇಳಿಯೂ ಇರುತ್ತೀರಿ. ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ ಹುಡುಗ ಅಪ್ಪನ ಮುಂದೆ ಹೇಳುವ ಮಾತು ಇದು. ಪಿಯುಸಿಯನ್ನು ಅರ್ಧಕ್ಕೇ ಬಿಟ್ಟು ಪತ್ರಿಕೆಗಳಿಗೆ ಬರೆಯಲು ಹೊರಟ ನನ್ನಂಥವನಿಗೂ ಕಿವಿಗೆ ಬಲು ಹಿತವಾದ ಮಾತು!

ಆದರೆ ಒಂದು ಪ್ರಶ್ನೆ. ಏನೂ ಕಲಿಯದವರು ಬಬ್ರುವಾಹನನ ಮಾತನ್ನು ಹಾಗೆ ಆಡಲು ಸಾಧ್ಯವೇ? ಹಾಡುಗಾರಿಕೆಗೆ ರಾಷ್ಟ್ರಪ್ರಶಸ್ತಿ ಗೆಲ್ಲಲು ಸಾಧ್ಯವೇ? ಎಲ್ಲೋ ಕಲಿತಿರಲೇಬೇಕಲ್ಲ! ಹಾಗಾದರೆ ಅಣ್ಣಾವ್ರ ಕಾಲೇಜು ಯಾವುದು? ಹೆಗಲಿಗೆ ಒಂದು ಬ್ಯಾಗು ಹಾಕಿಕೊಂಡು ಹುಡುಕಲು ಹೊರಟೆ. ಮೂರು ದಿನ, ಮೂರು ಊರು: ಗಾಜನೂರು, ಗುಬ್ಬಿ, ಕೊನೆಗೆ ಬೆಂಗಳೂರು. ಬನ್ನಿ, ಜೊತೆಗೆ ಹೋಗಿ ಬರೋಣ.

ಮೊದಲನೇ ದಿನ: ಗಾಜನೂರು

ಚಾಮರಾಜನಗರದಲ್ಲಿ ತಾಳವಾಡಿ ಬಸ್ಸು ಹತ್ತಿದೆ. ಅರಿಸಿನದ ಹೊಲ, ಬಾಳೆ ತೋಟ, ದೂರದಲ್ಲಿ ಕಾಡು ತುಂಬಿದ ಬೆಟ್ಟ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಬೋರ್ಡುಗಳ ಮೇಲಿನ ಅಕ್ಷರ ತಮಿಳಾಯಿತು. ಬಸ್ಸಿನೊಳಗಿನ ಮಾತು ಮಾತ್ರ ಕನ್ನಡವಾಗಿಯೇ ಉಳಿಯಿತು. ಹೌದು ಮಿತ್ರರೇ, ಕನ್ನಡಿಗರ ಕಣ್ಮಣಿ ಹುಟ್ಟಿದ ಊರು ಇಂದು ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿದೆ. ಅವರು ಹುಟ್ಟಿದ 1929ರ ಏಪ್ರಿಲ್ 24ರಂದು ಅದು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆ. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ಪಕ್ಕದ ಕೊಳ್ಳೇಗಾಲ ನಮ್ಮ ಕಡೆಗೆ ಬಂತು, ತಾಳವಾಡಿ ಆ ಕಡೆಗೇ ಉಳಿಯಿತು. ಜನರ ನಾಲಿಗೆಗೆ ಯಾರು ಗೆರೆ ಎಳೆಯಲಾದೀತು?

ಗಾಜನೂರು ಸಣ್ಣ ಊರು. ಹಳೇ ಮನೆ, ಹೊಲ, ತೋಟ. ಈ ಊರಿನ ತೋಟದ ಮನೆಯಿಂದಲೇ 2000ನೇ ಇಸವಿಯ ಜುಲೈ 30ರ ರಾತ್ರಿ ವೀರಪ್ಪನ್ ಅಣ್ಣಾವ್ರನ್ನು ಕಾಡಿಗೆ ಕರೆದೊಯ್ದದ್ದು. 108 ದಿನ ನಾಡೆಲ್ಲ ಉಸಿರು ಬಿಗಿಹಿಡಿದು ಕೂತಿತ್ತು. ಗಾಜನೂರು ಅಂದರೆ ಇವತ್ತಿಗೂ ಬಹಳ ಜನಕ್ಕೆ ಅದೇ ನೆನಪು. ನಾನು ಹುಡುಕಿ ಹೋದದ್ದು ಅದಕ್ಕಿಂತ ಹಳೆಯ ಸಂಗತಿಯನ್ನು.

ಈ ಮನೆಯಲ್ಲಿ ಮುತ್ತುರಾಜ ಎಂಬ ಹುಡುಗ ಬೆಳೆಯುತ್ತಿದ್ದಾಗ ಅವನ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಹೆಚ್ಚಾಗಿ ಊರಲ್ಲಿ ಇರುತ್ತಿರಲಿಲ್ಲ. ಅವರು ಗುಬ್ಬಿ ಕಂಪನಿಯ ನಟರು. ರಾವಣ, ಕಂಸ, ಹಿರಣ್ಯಕಶಿಪು... ಇಂಥ ಗಂಡು ಪಾರ್ಟುಗಳಿಗೆ ಹೆಸರಾದವರು. ಹುಡುಗನಿಗೆ ಎಂಟರ ಆಸುಪಾಸಿನಲ್ಲೇ ಸ್ಲೇಟು ಬಳಪದ ಶಾಲೆ ಮುಗಿಯಿತು. ಅಪ್ಪನ ಹಿಂದೆ ಕಂಪನಿಗೆ ನಡೆದ.

ಊರಿನ ಚಾವಡಿಯಲ್ಲಿ ಕೂತಿದ್ದ ಹಿರಿಯರೊಬ್ಬರನ್ನು ಕೇಳಿದೆ: "ಯಜಮಾನ್ರೇ, ಅವರು ಓದಿದ ಶಾಲೆ ಎಲ್ಲಿದೆ?"

ಅವರು ನಕ್ಕರು. "ಶಾಲೆ ಇಲ್ಲಿ ಹುಡುಕ್ತಿಯಲ್ಲ ಕಣಪ್ಪಾ! ಅವರು ಓದಿದ್ದು ನಾಟಕದಲ್ಲಿ. ಗುಬ್ಬಿಗೆ ಹೋಗು."

ಎರಡನೇ ದಿನ: ಗುಬ್ಬಿ

ಹೋದೆ. ಬೆಂಗಳೂರು ದಾಟಿ, ತುಮಕೂರು ದಾಟಿ, ಅಲ್ಲಿಂದ ಇಪ್ಪತ್ತು ಕಿಲೋಮೀಟರಿನಷ್ಟು. ತೆಂಗು, ಅಡಿಕೆ, ಚನ್ನಬಸವೇಶ್ವರನ ಗುಡಿ. ಬೆಂಗಳೂರಿಗೆ ಬಂದಿಳಿಯುವ ಹುಡುಗರು ಈ ಊರಿನ ಹೆಸರನ್ನು ರೈಲ್ವೆ ಸ್ಟೇಷನ್ ಎದುರಿಗೇ ನೋಡುತ್ತಾರೆ, ಗುಬ್ಬಿ ತೋಟದಪ್ಪನವರ ಛತ್ರ! ಒಬ್ಬ ಗುಬ್ಬಿಯವರು ಮಲಗಲು ಜಾಗ ಕೊಟ್ಟರು, ಇನ್ನೊಬ್ಬ ಗುಬ್ಬಿಯವರು ನಟಿಸಲು ಜಾಗ ಕೊಟ್ಟರು. ಆ ಇನ್ನೊಬ್ಬರೇ ನಾಟಕರತ್ನ ಗುಬ್ಬಿ ವೀರಣ್ಣ.

ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಬಾಲನಟನಾಗಿ ಸೇರಿಕೊಂಡ ವೀರಣ್ಣನವರು ಮುಂದೆ ಅದರ ಯಜಮಾನರಾದರು. 'ಸದಾರಮೆ'ಯ ಕಳ್ಳನ ಪಾರ್ಟಿನಲ್ಲಿ ಜನರನ್ನು ನಗಿಸಿ ನಗಿಸಿ ಸುಸ್ತು ಮಾಡಿದ ಹಾಸ್ಯಗಾರ, 1934ರಲ್ಲಿ 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆ ತಂದು ನಿಲ್ಲಿಸಿದ ಸಾಹಸಿ.

ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಟೀ ಕುಡಿಯುತ್ತಾ, ಪಕ್ಕದಲ್ಲಿದ್ದ ಎಂಬತ್ತು ದಾಟಿದ ಅಡಿಕೆ ವ್ಯಾಪಾರಿಯೊಬ್ಬರನ್ನು ಕೇಳಿದೆ: "ಅಜ್ಜಾ, ಕಂಪನಿ ಇದ್ದ ಜಾಗ ಯಾವುದು? ನೋಡಬೇಕಿತ್ತು."

"ಇಲ್ಲೇನೈತಪ್ಪಾ ನೋಡಾಕೆ? ಕಂಪನಿ ಊರಾಗೆಲ್ಲಿತ್ತು? ಇವತ್ತು ಮೈಸೂರು, ನಾಳೆ ದಾವಣಗೆರೆ. ಅದು ಇದ್ದದ್ದೇ ದಾರಿ ಮ್ಯಾಲೆ!"

ನಿಜ. ಅಣ್ಣಾವ್ರ ಕಾಲೇಜಿಗೆ ಕಟ್ಟಡ ಇರಲಿಲ್ಲ. ಪರದೆ, ಪೆಟ್ಟಿಗೆ, ಕಿರೀಟ, ಗದೆ, ಅಡುಗೆ ಪಾತ್ರೆಗಳ ಸಮೇತ ಊರಿಂದ ಊರಿಗೆ ಸಾಗುತ್ತಿದ್ದ ಕಾಲೇಜು ಅದು. ಒಂದು ಊರಲ್ಲಿ ಕ್ಯಾಂಪ್ ಹಾಕಿದರೆ ಜನ ಬರುವಷ್ಟು ಕಾಲ ಅಲ್ಲೇ ವಾಸ. ಎಲ್ಲರೂ ಇರುವುದು 'ಕಂಪನಿ ಮನೆ'ಯಲ್ಲಿ. ಒಂದೇ ಒಲೆ, ಸಾಲು ಪಂಕ್ತಿ.

ಪಠ್ಯ ಏನು ಅಂತೀರಾ? ಬೆಳಿಗ್ಗೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂರಬೇಕು. ಕಂಪನಿ ನಾಟಕದ ಹಾಡುಗಳು ಸುಮ್ಮನೆ ಗುನುಗುವ ಹಾಡುಗಳಲ್ಲ. ರಾಗಕ್ಕೆ, ತಾಳಕ್ಕೆ ಕಟ್ಟಿದ ಮಟ್ಟುಗಳು. ಶ್ರುತಿ ತಪ್ಪಿದರೆ ಮೇಷ್ಟ್ರ ಕಣ್ಣು ಕೆಂಪಾಗುತ್ತದೆ, ತಾಳ ತಪ್ಪಿದರೆ ತಬಲದವರು ಕೈ ನಿಲ್ಲಿಸಿಬಿಡುತ್ತಾರೆ. ಆಮೇಲೆ ಕಂದಪದ್ಯ, ವೃತ್ತ. ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಎಲ್ಲಿ ಬಿಡಬೇಕು, ಯಾವ ಅಕ್ಷರಕ್ಕೆ ಒತ್ತು ಕೊಡಬೇಕು ಅನ್ನುವುದೆಲ್ಲ ಅಲ್ಲಿ ಬಾಯಿಪಾಠ. ರಾತ್ರಿ ನಾಟಕ. ಮೈಕು ಇಲ್ಲದ ಕಾಲದಲ್ಲಿ ಹಿಂದಿನ ಸಾಲಿನ ನಾಲ್ಕಾಣೆ ಪ್ರೇಕ್ಷಕನಿಗೂ ಮಾತು ಮುಟ್ಟಬೇಕು. ಮುಟ್ಟದಿದ್ದರೆ ಸೀಟಿ. ಮುಟ್ಟಿದರೆ 'ಒನ್ಸ್ ಮೋರ್'!

ಪರೀಕ್ಷೆ ವರ್ಷಕ್ಕೊಂದಲ್ಲ ಸ್ವಾಮೀ, ದಿನಾ ರಾತ್ರಿ!

ಬಾಲಪಾರ್ಟು ಮಾಡುವ ಹುಡುಗನಿಗೆ ದೊಡ್ಡ ಪಾರ್ಟು ಒಂದೇ ಸಲ ಸಿಗುವುದಿಲ್ಲ. ಸೈಡ್ ವಿಂಗ್‌ನಲ್ಲಿ ನಿಂತು ಹಿರಿಯರನ್ನು ನೋಡಬೇಕು. ದೂತ, ಸೇವಕ, ಸಖ ಅಂತ ಒಂದೊಂದೇ ಮೆಟ್ಟಿಲು ಹತ್ತಬೇಕು. ಯಾರಾದರೂ ಕಾಯಿಲೆ ಬಿದ್ದ ದಿನ "ಇವತ್ತು ನೀನು ಮಾಡ್ತೀಯೇನೋ?" ಎಂಬ ಕೂಗು ಬರುತ್ತದೆ. ಅವತ್ತು ಬಾಯಿಪಾಠ ಇದ್ದವನೇ ಗೆದ್ದ.

ಲೆಕ್ಕ ಹಾಕಿ ನೋಡಿ. ಎಂಟರ ಆಸುಪಾಸಿನಲ್ಲಿ ಕಂಪನಿ ಸೇರಿದ ಮುತ್ತುರಾಜರು ಮೊದಲ ಬಾರಿಗೆ ನಾಯಕನಾಗಿ ತೆರೆಗೆ ಬಂದದ್ದು 1954ರಲ್ಲಿ, ಇಪ್ಪತ್ತೈದರ ವಯಸ್ಸಿನಲ್ಲಿ. ನಡುವೆ ಹದಿನೈದು ವರ್ಷಕ್ಕೂ ಮೇಲೆ! ಗುಬ್ಬಿ ಕಂಪನಿಯಲ್ಲೂ ಇದ್ದರು, ಸುಬ್ಬಯ್ಯನಾಯ್ಡು ಅವರ ಕಂಪನಿಯಲ್ಲೂ ಇದ್ದರು. ಪಿಯುಸಿ ಎರಡು, ಡಿಗ್ರಿ ಮೂರು, ಎಂ.ಎ. ಎರಡು ಅಂತ ಕೂಡಿಸಿದರೂ ಏಳೇ ವರ್ಷ ಆಗುತ್ತದೆ. ನಮ್ಮ ನಡುವಿನ ಯಾವ ಡಬಲ್ ಡಿಗ್ರಿಯವರು ಇಷ್ಟು ವರ್ಷ ಓದಿದ್ದಾರೆ, ಹೇಳಿ?

ಆ ಕಾಲೇಜಿನ ಸಹಪಾಠಿಗಳನ್ನೂ ನೋಡಿ. ಹಾಸ್ಯಚಕ್ರವರ್ತಿ ನರಸಿಂಹರಾಜು, 1983ರಲ್ಲಿ 'ಆದಿ ಶಂಕರಾಚಾರ್ಯ' ಎಂಬ ಸಂಸ್ಕೃತ ಚಿತ್ರ ತೆಗೆದ ಜಿ.ವಿ. ಅಯ್ಯರ್. ಮನೆ ಬಿಟ್ಟು ಓಡಿಬಂದು ಕಂಪನಿ ಸೇರಿದ ಬಿ.ವಿ. ಕಾರಂತರನ್ನಂತೂ ವೀರಣ್ಣನವರೇ ಮುಂದಿನ ಓದಿಗೆ ಕಾಶಿಗೆ ಕಳಿಸಿದರು. ಅದೇ ಕಾರಂತರು ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೇ ನಿರ್ದೇಶಕರಾದರು!

ಹಾಗಂತ ಕಂಪನಿ ಮನೆ ಸ್ವರ್ಗ ಅಂತ ತಿಳಿಯಬೇಡಿ. ಕಲೆಕ್ಷನ್ ಇದ್ದ ದಿನ ಊಟ, ಮಳೆ ಹಿಡಿದರೆ ಗಂಜಿ. ಊರೂರು ಅಲೆತ. ಮಕ್ಕಳಿಗೆ ಅಕ್ಷರದ ಶಾಲೆ ತಪ್ಪಿಹೋಗುತ್ತಿತ್ತು. ಅಲ್ಲಿ ತಯಾರಾದವರೆಲ್ಲ ರಾಜಕುಮಾರ್ ಆಗಲೂ ಇಲ್ಲ. ಬಣ್ಣ ಹಚ್ಚಿ, ಹಾಡಿ, ಹೆಸರೇ ಇಲ್ಲದೆ ಮಣ್ಣಾದವರು ಸಾವಿರಾರು ಜನ. "ಫೀಸು ಇರಲಿಲ್ಲ ಅಂತೀರಲ್ಲ," ಅಂದರು ಅದೇ ಅಜ್ಜ, "ಹೊಟ್ಟೆ ಕಟ್ಟಿದ್ದೇ ಫೀಸು ಕಣಪ್ಪ."

ಗುಬ್ಬಿಯಿಂದ ತೆರೆಗೆ

ಸಂಜೆ ಬೆಂಗಳೂರಿನ ಕಡೆಗೆ ರೈಲು ಹತ್ತಿದೆ. ಕಿಟಕಿ ಪಕ್ಕ ಕೂತಾಗ ಅಣ್ಣಾವ್ರ ಚಿತ್ರಗಳು ಒಂದೊಂದಾಗಿ ನೆನಪಾದವು. ಈ ಸಲ ಬೇರೆ ಕಣ್ಣಲ್ಲಿ.

'ಬೇಡರ ಕಣ್ಣಪ್ಪ' ಮೊದಲು ಕಂಪನಿ ನಾಟಕ. ಬರೆದವರು ಜಿ.ವಿ. ಅಯ್ಯರ್. ಗುಬ್ಬಿಯವರು ಎ.ವಿ.ಎಂ. ಜೊತೆ ಸೇರಿ ಅದನ್ನು 1954ರಲ್ಲಿ ಚಿತ್ರ ಮಾಡಿದರು. ನಿರ್ದೇಶಕ ಎಚ್.ಎಲ್.ಎನ್. ಸಿಂಹ ಅವರು ಮುತ್ತುರಾಜರಿಗೆ 'ರಾಜಕುಮಾರ್' ಎಂದು ಹೆಸರಿಟ್ಟರು. ನರಸಿಂಹರಾಜು, ಅಯ್ಯರ್ ಕೂಡ ಅದೇ ಚಿತ್ರದಲ್ಲಿ ಬಣ್ಣ ಹಚ್ಚಿದರು. ಕಂಪನಿಯ ಒಂದು ಬ್ಯಾಚೇ ಪಾಸಾಗಿ ಹೊರಬಂದಂತೆ!

ಹೀರೋ ಆದ ಮೇಲಾದರೂ ನಾಟಕ ಬಿಟ್ಟರೇ? ಇಲ್ಲ. ಆಗ ಕನ್ನಡ ಚಿತ್ರಗಳು ಬೆರಳೆಣಿಕೆ. ಕೆಲಸ ಸಾಲದು. ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಅಯ್ಯರ್ ಎಲ್ಲ ಸೇರಿ ಕನ್ನಡ ಕಲಾವಿದರ ಸಂಘ ಕಟ್ಟಿಕೊಂಡು ಮತ್ತೆ ಊರೂರಿನಲ್ಲಿ ನಾಟಕ ಆಡಿದರು. ಆಮೇಲೆ 1960ರಲ್ಲಿ 'ರಣಧೀರ ಕಂಠೀರವ' ತೆಗೆದರು. ತೆರೆಯ ಮೇಲೆ ಮುಖ ಬಂದ ಮೇಲೂ ಊರಿನ ಅಟ್ಟದ ಮೇಲೆ ನಿಲ್ಲಲು ಅವರಿಗೆ ನಾಚಿಕೆಯಿರಲಿಲ್ಲ.

1977ರ 'ಬಬ್ರುವಾಹನ' ನೆನಪಿಸಿಕೊಳ್ಳಿ. ಅರ್ಜುನನೂ ಅವರೇ, ಮಗ ಬಬ್ರುವಾಹನನೂ ಅವರೇ. ಇಬ್ಬರೂ ಎದುರುಬದುರು ನಿಂತು ಹಾಡಿನಲ್ಲೇ ಜಗಳವಾಡುತ್ತಾರಲ್ಲ, ಅದು ಅಪ್ಪಟ ಕಂಪನಿ ನಾಟಕದ ವಾಗ್ವಾದ! ಟೆಂಟಿನಲ್ಲಿ ಚಿಲ್ಲರೆ ಕಾಸು ತೂರಿದ ಜನಕ್ಕೆ ಅದು ಗುಬ್ಬಿಯ ಪಾಠ ಅಂತ ಗೊತ್ತಿರಲಿಲ್ಲ, ಅಷ್ಟೆ.

ಹಾಡಿನ ಕಥೆ ಇನ್ನೂ ಚೆನ್ನ. ಇಪ್ಪತ್ತು ವರ್ಷ ಅವರ ಹಾಡುಗಳನ್ನು ಹೆಚ್ಚಾಗಿ ಹಾಡಿದವರು ಪಿ.ಬಿ. ಶ್ರೀನಿವಾಸ್. 1974ರ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ಎಮ್ಮೆ ಮೇಲೆ ಕೂತು ಅಣ್ಣಾವ್ರು ಸ್ವಂತ ಕಂಠದಲ್ಲಿ ಹಾಡಿದರು. ಚಿತ್ರಮಂದಿರ ಎದ್ದು ಕುಣಿಯಿತು! ಹೊಸ ಗಾಯಕ ಹುಟ್ಟಿದ ಅಂದರು. ಹೊಸಬರೆಲ್ಲಿ? ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತಿದ್ದ ಹುಡುಗನೇ ಅಲ್ಲವೇ! 1992ರ 'ಜೀವನ ಚೈತ್ರ'ದ ರಾಗಪ್ರಧಾನ ಹಾಡಿಗೆ ಶ್ರೇಷ್ಠ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಬಂತು. ಆಗ ಅವರಿಗೆ ಅರವತ್ತು ದಾಟಿತ್ತು.

ಕಲಿತದ್ದನ್ನು ಎಲ್ಲಿ ಅಡಗಿಸಬೇಕು ಅನ್ನುವುದೂ ಒಂದು ವಿದ್ಯೆ. ಹಿಂದಿನ ಸಾಲಿಗೆ ಮುಟ್ಟುವ ಕಂಠ ಕ್ಯಾಮೆರಾ ಮುಂದೆ ಜಾಸ್ತಿಯಾಗುತ್ತದೆ. 1971ರ 'ಕಸ್ತೂರಿ ನಿವಾಸ'ದ ಕೊನೆಯ ಭಾಗ ನೋಡಿ. ಎಲ್ಲ ಕಳೆದುಕೊಂಡ ಆ ಮನುಷ್ಯ ಕೂಗುವುದಿಲ್ಲ. ಕಣ್ಣು, ತುಟಿ, ತಗ್ಗಿದ ದನಿ, ಅಷ್ಟರಲ್ಲೇ ನಮ್ಮನ್ನು ಅಳಿಸುತ್ತಾರೆ. ಆ ಮೇಲೆ ಯೋಗ ಕಲಿತು 1983ರ 'ಕಾಮನಬಿಲ್ಲು' ಚಿತ್ರದಲ್ಲಿ ಮಾಡಿ ತೋರಿಸಿದರು. ಆಗ ಅವರ ವಯಸ್ಸು ಐವತ್ತನಾಲ್ಕು. ಕಲಿಯುವುದು ಆಗಲೂ ಮುಗಿದಿರಲಿಲ್ಲ.

ಎಲ್ಲಕ್ಕಿಂತ ನನ್ನ ಮನಸ್ಸು ತಟ್ಟುವುದು 'ಭಕ್ತ ಪ್ರಹ್ಲಾದ'. 1942ರಲ್ಲಿ ಆ ಹೆಸರಿನ ಚಿತ್ರದಲ್ಲಿ ಬಾಲಕ ಮುತ್ತುರಾಜ ಒಂದು ಪುಟ್ಟ ಪಾತ್ರದಲ್ಲಿ ಕಾಣಿಸಿಕೊಂಡ. ನಲವತ್ತೊಂದು ವರ್ಷದ ಮೇಲೆ, 1983ರಲ್ಲಿ, ಮತ್ತೆ ಅದೇ ಹೆಸರಿನ ಚಿತ್ರ. ಈ ಸಲ ಅವರು ಹಿರಣ್ಯಕಶಿಪು, ರಂಗದ ಮೇಲೆ ಅಪ್ಪ ಪುಟ್ಟಸ್ವಾಮಯ್ಯ ಹೆಸರು ಮಾಡಿದ್ದ ಪಾರ್ಟು! ಎದುರಿಗೆ ಪ್ರಹ್ಲಾದನಾಗಿ ನಿಂತವನು ಅವರ ಮಗ, ಮಾಸ್ಟರ್ ಲೋಹಿತ್. ನಮ್ಮ ಅಪ್ಪು. ಆಸ್ತಿ ಮಕ್ಕಳಿಗೆ ಬರುವಂತೆ ಪಾರ್ಟೂ ಬರುತ್ತದೆ ಅಂದುಕೊಂಡೆ. ಆದರೆ ಆಸ್ತಿಗೆ ಸಹಿ ಸಾಕು, ಪಾರ್ಟಿಗೆ ಬೆವರು ಬೇಕು.

ಮೂರನೇ ದಿನ: ಗಾಂಧಿನಗರ

ಮೆಜೆಸ್ಟಿಕ್ಕಿನಲ್ಲಿ ಇಳಿದರೆ ಗಾಂಧಿನಗರ ನಡೆದುಹೋಗುವಷ್ಟು ಹತ್ತಿರ. 'ಬಂಗಾರದ ಮನುಷ್ಯ' ಎರಡು ವರ್ಷ ಓಡಿದ ಸ್ಟೇಟ್ಸ್ ಥಿಯೇಟರು ಮುಂದೆ ಭೂಮಿಕಾ ಆಯಿತು. ಕಪಾಲಿ ಇಲ್ಲ, ಸಾಗರ್ ಇಲ್ಲ. ಥಿಯೇಟರುಗಳು ಹೋದರೂ ಅವಕಾಶ ಹುಡುಕಿ ಬರುವ ಹುಡುಗರು ಮಾತ್ರ ಕಡಿಮೆಯಾಗಿಲ್ಲ.

ಟೀ ಅಂಗಡಿ ಮುಂದೆ ಒಬ್ಬ ಸಿಕ್ಕ. ಮಂಡ್ಯ ಕಡೆಯ ಹುಡುಗ, ಇಪ್ಪತ್ತೆರಡು ಇರಬಹುದು. ಬಿಗಿಯಾದ ಶರ್ಟು, ತೋಳು ನೋಡಿದರೆ ಜಿಮ್ಮಿನವನು. ಮೊಬೈಲಿನಲ್ಲಿ ನೂರಾರು ಫೋಟೋ. ಯಾವುದೋ ಏಜೆನ್ಸಿಯವರು ಪಾತ್ರ ಕೊಡಿಸುತ್ತೇವೆಂದು ಅವನಿಂದ ಇಪ್ಪತ್ತೈದು ಸಾವಿರ ಕಿತ್ತುಕೊಂಡಿದ್ದರು. ಈಗ ಫೋನ್ ಎತ್ತುತ್ತಿಲ್ಲವಂತೆ.

"ಒಂದು ಡೈಲಾಗ್ ಹೇಳಪ್ಪಾ, ಕೇಳೋಣ," ಅಂದೆ.

ಅವನು ಇಬ್ಬರು ಮೂವರು ಸ್ಟಾರ್‌ಗಳ ದನಿಯಲ್ಲಿ ಹೇಳಿದ. ಚೆನ್ನಾಗಿಯೇ ಹೇಳಿದ.

"ಈಗ ನಿನ್ನ ದನಿಯಲ್ಲಿ ಹೇಳು."

ತಡವರಿಸಿದ. "ಅದೇನಣ್ಣ, ಡಬ್ಬಿಂಗ್‌ನಲ್ಲಿ ಸರಿ ಮಾಡ್ಕೋತಾರೆ ಬಿಡಿ. ಅಣ್ಣಾವ್ರು ಎಲ್ಲಿ ಕಲ್ತಿದ್ರು?"

ನೋಡಿದಿರಾ, ಮತ್ತೆ ಅದೇ ಮಾತು! ಅವನಿಗೆ ಎರಡು ದಿನದ ಕಥೆಯನ್ನೆಲ್ಲ ಹೇಳಿದೆ. ಟೀ ಆರಿತು, ಅವನು ಮಾತ್ರ ಏಳಲಿಲ್ಲ. ಕೊನೆಗೆ ಕೇಳಿದ: "ಅಂಥ ಕಂಪನಿ ಈಗೆಲ್ಲಿದೆ ಅಣ್ಣ, ಸೇರ್ಕೊಳ್ಳೋಕೆ?"

ಒಳ್ಳೇ ಪ್ರಶ್ನೆ. ವೀರಣ್ಣನವರು 1972ರಲ್ಲಿ ತೀರಿಕೊಂಡರು. ಕಂಪನಿಗಳ ಜನರನ್ನು ಮೊದಲು ಸಿನಿಮಾ ಸೆಳೆಯಿತು, ಆಮೇಲೆ ಟೀವಿ ಸೆಳೆಯಿತು. ಆದರೂ ದಾರಿ ಮುಚ್ಚಿಲ್ಲ. ಸಾಗರದ ಹತ್ತಿರ ಹೆಗ್ಗೋಡಿನಲ್ಲಿ ನೀನಾಸಂ ಇದೆ. ಕೆ.ವಿ. ಸುಬ್ಬಣ್ಣನವರ ಕಾಲದಲ್ಲಿ, 1980ರಲ್ಲಿ, ಅಲ್ಲಿ ನಾಟಕದ ಶಾಲೆ ಶುರುವಾಯಿತು. ಅಚ್ಯುತ್ ಕುಮಾರ್ ಅಲ್ಲಿ ಕಲಿತವರು. ಸತೀಶ್ ಅವರಂತೂ ಆ ಶಾಲೆಯ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡಿದ್ದಾರೆ. ಮೈಸೂರಿನಲ್ಲಿ ಕಾರಂತರು ಕಟ್ಟಿದ ರಂಗಾಯಣ ಇದೆ. ಸಾಣೇಹಳ್ಳಿಯಲ್ಲಿ ಮಠದವರು ನಡೆಸುವ ರಂಗಶಾಲೆ ಇದೆ.

"ಅಲ್ಲಿ ಸೇರಿದ್ರೆ ಹೀರೋ ಮಾಡ್ತಾರಾ?" ಅಂದ ಹುಡುಗ.

"ಇಲ್ಲಪ್ಪ. ಮಾತಾಡೋಕೆ, ನಿಲ್ಲೋಕೆ, ಸುಮ್ಮನಿರೋಕೆ ಕಲಿಸ್ತಾರೆ. ಹೀರೋ ಆಗೋದು ಬಿಡೋದು ಆಮೇಲಿನ ಮಾತು."

ಅವನು ಹೆಗ್ಗೋಡಿನ ಹೆಸರನ್ನು ಮೊಬೈಲಿನಲ್ಲಿ ಬರೆದುಕೊಂಡ. ಹೋಗುತ್ತಾನೋ ಇಲ್ಲವೋ, ಅದು ಅವನಿಗೆ ಬಿಟ್ಟದ್ದು.

ಮಧ್ಯಾಹ್ನ ಕಂಠೀರವ ಸ್ಟುಡಿಯೋಗೆ ಹೋಗಿ ಸಮಾಧಿಗೆ ಕೈಮುಗಿದೆ. 2006ರ ಏಪ್ರಿಲ್ 12ರಂದು ತೀರಿಕೊಂಡ ಅಣ್ಣಾವ್ರು, ಪಕ್ಕದಲ್ಲಿ ಪಾರ್ವತಮ್ಮನವರು, ಅಪ್ಪು. ಅಭಿಮಾನಿಗಳು ಸಾಲಾಗಿ ಬಂದು ಹೂವು ಇಡುತ್ತಿದ್ದರು. ಪ್ರೈಮರಿ ಶಾಲೆಯನ್ನೇ ಮುಗಿಸದ ಇವರಿಗೆ ಮೈಸೂರು ವಿಶ್ವವಿದ್ಯಾಲಯ 1976ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಫಾಲ್ಕೆ ಪ್ರಶಸ್ತಿ 1995ನೇ ಸಾಲಿನದು. ಡಾಕ್ಟರೇಟು ಗೌರವದ್ದೇ ಇರಬಹುದು ಮಿತ್ರರೇ, ಓದು ಮಾತ್ರ ಪುಕ್ಕಟೆಯದಲ್ಲ.

ಒಂದು ಸಂಗತಿ ಹೇಳಲೇಬೇಕು. ಗುಬ್ಬಿ ಬಿಡುವ ಮುನ್ನ ದಾರಿಯಲ್ಲಿ ಒಂದು ಫ್ಲೆಕ್ಸ್ ಕಂಡೆ. 'ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ', ರಾತ್ರಿ ಇಡೀ ನಾಟಕ. ಪಾತ್ರಧಾರಿಗಳ ಫೋಟೋ ಸಾಲಾಗಿ: ಕೃಷ್ಣನ ಪಾರ್ಟಿಗೆ ಒಬ್ಬ ರೈತ, ದುರ್ಯೋಧನನಿಗೆ ಲೈನ್‌ಮನ್, ಭೀಮನಿಗೆ ಆಟೋ ಓಡಿಸುವವರು. ತುಮಕೂರು, ಮಂಡ್ಯ, ಹಾಸನದ ಹಳ್ಳಿಗಳಲ್ಲಿ ಇದು ಇವತ್ತಿಗೂ ಇದೆ. ದುಡ್ಡು ಹಾಕಿಕೊಂಡು, ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತು ಮಾಡಿಕೊಂಡು, ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡುತ್ತಾರೆ. ಅಲ್ಲೇ ಒಂದು ಮನೆಯ ಜಗುಲಿಯಿಂದ ಹಾರ್ಮೋನಿಯಂ ದನಿಯೂ ಕೇಳಿಸಿತು. ಯಾರೋ ಒಂದು ಕಂದಪದ್ಯದ ಕೊನೆಯ ಸಾಲಿನಲ್ಲಿ ಮತ್ತೆ ಮತ್ತೆ ಎಡವುತ್ತಿದ್ದರು. ಮೇಷ್ಟ್ರು ಮತ್ತೆ ಮತ್ತೆ ಮೊದಲಿಂದ ಹೇಳಿಸುತ್ತಿದ್ದರು.

ನಿಮ್ಮೂರಲ್ಲೂ ಅಂಥ ಜಗುಲಿ ಒಂದು ಇರುತ್ತದೆ. ಈ ಪತ್ರಿಕೆಯನ್ನು ನೀವು ಬಸ್ ಸ್ಟ್ಯಾಂಡಿನಲ್ಲೇ ಕೊಂಡಿರುತ್ತೀರಿ. ಬೆಂಗಳೂರು ಬಸ್ಸು ಹತ್ತುವ ಮೊದಲು ಊರಲ್ಲಿ ಒಮ್ಮೆ ವಿಚಾರಿಸಿ ನೋಡಿ, ಈ ವರ್ಷದ ಜಾತ್ರೆಯ ನಾಟಕದಲ್ಲಿ ದೂತನ ಪಾರ್ಟು ಯಾರಿಗಾದರೂ ಕೊಟ್ಟಾಗಿದೆಯೇ ಅಂತ.